ಡ್ರೂಯಿಡ್ ಪಂಥ ಮತ್ತು ನಾಗರಿಕ ಸ್ವಾತಂತ್ರ್ಯ

ಡ್ರೂಯಿಡರು ಪ್ರಾಚೀನ ಕೆಲ್ಟಿಕ್ ಜನರ ಪುರೋಹಿತ ವರ್ಗ. ತಮ್ಮ ವಿದ್ಯೆಯನ್ನು ಅವರು ಬರೆದಿಡಲಿಲ್ಲ. ನಮಗೆ ಉಳಿದಿರುವುದು ಜೂಲಿಯಸ್ ಸೀಸರನಂಥ ಹೊರಗಿನವರ ಮಾತು. ಇಂದಿನ ಡ್ರೂಯಿಡ್ ಪಂಥ 18ನೆಯ ಶತಮಾನದ ಬ್ರಿಟನ್ನಿನಿಂದೀಚೆಗೆ ಹೊಸದಾಗಿ ಕಟ್ಟಿಕೊಂಡದ್ದು. ಎಲ್ಲರೂ ಒಪ್ಪುವ ಧರ್ಮಗ್ರಂಥವೂ ಇಲ್ಲ, ಪೀಠಾಧಿಪತಿಯೂ ಇಲ್ಲ. ಹಾಗಾಗಿ ಸ್ವಾತಂತ್ರ್ಯದ ಬಗ್ಗೆ ಈ ಪಂಥ ಏನೆನ್ನುತ್ತದೆ ಎಂದು ತಿಳಿಯಲು ಕೋರ್ಟಿನ ಕಡತ ಬಿಚ್ಚುವುದೇ ವಾಸಿ.

ಕಡ್ಡಾಯ ಪ್ರಾರ್ಥನೆಗೆ ವಿರೋಧ

ಅಮೆರಿಕದ ಮಿನ್ನೆಸೋಟಾದ ಕಾರ್ಲ್‌ಟನ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಧಾರ್ಮಿಕ ಸಭೆಗಳಿಗೆ ಹಾಜರಾಗಲೇಬೇಕೆಂಬ ನಿಯಮವಿತ್ತು. ಅದನ್ನು ಅಣಕಿಸಲು 1963ರಲ್ಲಿ ಕೆಲವರು ‘ರಿಫಾರ್ಮ್ಡ್ ಡ್ರೂಯಿಡ್ಸ್ ಆಫ್ ನಾರ್ತ್ ಅಮೆರಿಕ’ ಎಂಬ ಪಂಥವನ್ನೇ ಹುಟ್ಟುಹಾಕಿ ಬಯಲಲ್ಲಿ ಪೂಜೆಗೆ ನಿಂತರು. ಬೇಸಗೆಯ ಅರ್ಧವರ್ಷ ತೀರ್ಥಕ್ಕೆ ವಿಸ್ಕಿ, ಚಳಿಗಾಲದಲ್ಲಿ ಬರೀ ನೀರು! ಮರುವರ್ಷ ಕಾಲೇಜು ನಿಯಮ ಕೈಬಿಟ್ಟಿತು. ತಮಾಷೆಗೆ ಶುರುವಾದದ್ದು ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಪ್ರಕೃತಿಯ ಮೂಲಕ ಸತ್ಯ ಹುಡುಕುವುದು ಹಲವು ದಾರಿಗಳಲ್ಲಿ ಒಂದು ಮಾತ್ರ ಎಂಬುದನ್ನೇ ತತ್ತ್ವವಾಗಿ ಹಿಡಿದು ಪಂಥ ಉಳಿಯಿತು.

ಸ್ಟೋನ್‌ಹೆಂಜ್‌ನ ಬೇಲಿ

ಇಂಗ್ಲೆಂಡಿನ ಜಗಳವೇ ಬೇರೆ. ಅಲ್ಲಿ ಯಾರೂ ಪೂಜೆಗೆ ಎಳೆದೊಯ್ಯಲಿಲ್ಲ, ಬರಬೇಡಿ ಎಂದರು. ಸ್ಟೋನ್‌ಹೆಂಜ್ ಎಂಬ ಪ್ರಾಚೀನ ಕಲ್ಲುವೃತ್ತವನ್ನು ಕಟ್ಟಿದವರು ಡ್ರೂಯಿಡರಲ್ಲ; ಅವರ ಹೆಸರು ಇತಿಹಾಸದಲ್ಲಿ ಕಾಣಿಸುವುದಕ್ಕೆ ಸುಮಾರು ಎರಡು ಸಾವಿರ ವರ್ಷ ಮೊದಲೇ ಕಲ್ಲುಗಳು ಎದ್ದು ನಿಂತಿದ್ದವು. ಆದರೂ 20ನೆಯ ಶತಮಾನದ ಆರಂಭದಿಂದಲೇ ಅವರ ಸಂಘಗಳು ಅಲ್ಲಿ ಸೇರುತ್ತಿದ್ದವು. 1985ರ ಜೂನ್ 1ರಂದು, ಅಲ್ಲಿನ ಉಚಿತ ಸಂಗೀತ ಉತ್ಸವಕ್ಕೆ ಹೊರಟಿದ್ದ ಅಲೆಮಾರಿಗಳ ವಾಹನಗಳನ್ನು ಪೊಲೀಸರು ತಡೆದು 500ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಆಮೇಲೆ ಅಯನ ಸಂಕ್ರಾಂತಿಯ ದಿನಗಳಲ್ಲಿ ಕಲ್ಲುಗಳ ಬಳಿ ಸುಳಿಯದಂತೆ ಸುತ್ತ ನಿಷೇಧಿತ ವಲಯ ಬಂತು. ಉತ್ಸವದ ಗಲಾಟೆಗೂ ತಮಗೂ ಸಂಬಂಧವಿಲ್ಲದ ಡ್ರೂಯಿಡರೂ ಹೊರಗೇ ಉಳಿದರು.

ತನ್ನನ್ನು ಆರ್ಥರ್ ರಾಜನ ಅವತಾರವೆಂದು ನಂಬುವ ಆರ್ಥರ್ ಉಥರ್ ಪೆಂಡ್ರ್ಯಾಗನ್ ನಿಷೇಧವನ್ನು ಮತ್ತೆ ಮತ್ತೆ ಮುರಿದರು. ನಿಲುವಂಗಿ, ಕಿರೀಟ ನೋಡಿ ನಗುವವರು ಅವರ ಪಟ್ಟನ್ನು ಗಮನಿಸುವುದಿಲ್ಲ. ಅವರ ದೂರನ್ನು 1998ರಲ್ಲಿ ಯುರೋಪಿನ ಮಾನವ ಹಕ್ಕುಗಳ ಆಯೋಗ ವಿಚಾರಣೆಗೆ ಅಂಗೀಕರಿಸಲಿಲ್ಲ.

ತೀರ್ಪು ಮತ್ತು ಮಾನ್ಯತೆ

ಬಾಗಿಲು ಬೇರೊಂದು ಕಡೆಯಿಂದ ತೆರೆಯಿತು. 1995ರ ಜೂನ್ 1ರಂದು ಸ್ಟೋನ್‌ಹೆಂಜ್ ಪಕ್ಕದ ರಸ್ತೆಯಂಚಿನಲ್ಲಿ ಶಾಂತವಾಗಿ ಪ್ರತಿಭಟಿಸುತ್ತಿದ್ದ ಇಪ್ಪತ್ತೊಂದು ಜನರ ಗುಂಪಿನಿಂದ ಬಂಧಿತರಾದ ಇಬ್ಬರ ಮೊಕದ್ದಮೆಯಲ್ಲಿ, ದಾರಿಗೆ ಅಡ್ಡಿಯಾಗದಂತೆ ಶಾಂತವಾಗಿ ಸೇರುವುದು ಅತಿಕ್ರಮಣವಲ್ಲ ಎಂದು ಆಗ ದೇಶದ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1999ರಲ್ಲಿ ಹೇಳಿತು. ತೀರ್ಪು 3–2ರ ಅಂತರದ್ದು, ಅಂದರೆ ಕೂದಲೆಳೆಯಲ್ಲಿ ಉಳಿದ ಹಕ್ಕು. 2000ದಿಂದ ಸಂಕ್ರಾಂತಿಯ ಹೊತ್ತು ಎಲ್ಲರಿಗೂ ಕಲ್ಲುಗಳ ನಡುವೆ ಉಚಿತ ಪ್ರವೇಶ ಸಿಕ್ಕಿದೆ. 2010ರಲ್ಲಿ ‘ಡ್ರೂಯಿಡ್ ನೆಟ್‌ವರ್ಕ್’ ಸಂಸ್ಥೆಯನ್ನು ಧಾರ್ಮಿಕ ದತ್ತಿಯೆಂದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಚಾರಿಟಿ ಕಮಿಷನ್ ಒಪ್ಪಿಕೊಂಡಿತು.

ತಕರಾರು ಮುಗಿದಿಲ್ಲ. 2016ರಲ್ಲಿ ಸಂಕ್ರಾಂತಿಗೆ ಬರುವ ಕಾರುಗಳಿಗೆ 15 ಪೌಂಡ್ ನಿಲುಗಡೆ ಶುಲ್ಕ ಹಾಕಿದಾಗ, ಇದು ಪ್ರಾರ್ಥನೆಗೆ ಕೇಳುವ ಟಿಕೆಟ್ಟು ಎಂದು ಪೆಂಡ್ರ್ಯಾಗನ್ ಮತ್ತೆ ಕೋರ್ಟಿಗೆ ಹೋದರು. ಆ ಸಲ ಸೋತರು.