ಮೆರವಣಿಗೆಗೆಂದು ಕಟ್ಟಿದ ಮುಖ: ಮೈಸೂರು ಅರಮನೆಯಿಂದ ಬನ್ನಿಮಂಟಪದವರೆಗೆ

ಮೈಸೂರು ಅರಮನೆಯ ಕಟ್ಟೋಣದ ವಿವರಗಳಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ವೇಳೆ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ರೀಜೆಂಟರಾಗಿದ್ದ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ವಿನ್ಯಾಸವನ್ನು ಶಿಮ್ಲಾದ ವೈಸ್‌ರಾಯ್ ನಿವಾಸ ಕಟ್ಟಿದ್ದ ಹೆನ್ರಿ ಇರ್ವಿನ್‌ಗೆ ಒಪ್ಪಿಸಿದರು. 1912ರಲ್ಲಿ ಕೆಲಸ ಮುಗಿಯಿತು; ಖರ್ಚು 41,47,913 ರೂಪಾಯಿ. ಶೈಲಿಗೆ ಇಂಡೋ-ಸಾರಸೆನಿಕ್ ಎಂಬ ಹೆಸರು ನಿಂತಿತು.

ತಕರಾರಿರುವುದು ಆ ಶೈಲಿಯ ಅರ್ಥದ ಬಗ್ಗೆ. ಇತಿಹಾಸಕಾರ ಥಾಮಸ್ ಮೆಟ್‌ಕಾಫ್ 1989ರ ‘ಆ್ಯನ್ ಇಂಪೀರಿಯಲ್ ವಿಷನ್’ ಕೃತಿಯಲ್ಲಿ ಇದನ್ನು ಸಾಮ್ರಾಜ್ಯದ ಭಾಷೆಯೆಂದು ಓದಿದರು. ಭಾರತದ ಗತಕಾಲವನ್ನು ಬಲ್ಲೆವು, ಆದ್ದರಿಂದ ಆಳಬಲ್ಲೆವು ಎಂಬ ಹಕ್ಕೊತ್ತಾಯ ಆ ಗುಮ್ಮಟ ಕಮಾನುಗಳಲ್ಲಿದೆ ಎಂಬುದು ಅವರ ವಾದದ ತಿರುಳು. ಇರ್ವಿನ್ ಕೈಯಾಡಿಸಿದ ಮದರಾಸು ಹೈಕೋರ್ಟಿಗೆ ಈ ಮಾತು ಚೆನ್ನಾಗಿ ಹೊಂದುತ್ತದೆ. ಮೈಸೂರಿಗೆ ಅರ್ಧ ಮಾತ್ರ. ಗುಮ್ಮಟಗಳ ಮೇಲೆ ನೆಟ್ಟ ಕಣ್ಣಿಗೆ ಅರಮನೆಯ ಮುಂದಿನ ಅಂಗಳ, ಅಲ್ಲಿಂದ ಹೊರಡುವ ದಸರಾ ಮೆರವಣಿಗೆಯ ದಾರಿ, ಸುಮಾರು ಐದು ಕಿಲೋಮೀಟರ್ ಆಚೆ ಆ ದಾರಿ ಮುಟ್ಟುವ ಬನ್ನಿಮಂಟಪ ಕಾಣುವುದಿಲ್ಲ.

ಇಲ್ಲಿ ನೆರವಿಗೆ ಬರುವ ಸಾಕ್ಷ್ಯ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್. ಸುಟ್ಟುಹೋದ ಅರಮನೆಯ ಮುಂಭಾಗದಲ್ಲಿ ಕೆತ್ತನೆಯ ನಾಲ್ಕು ಮರದ ಕಂಬಗಳ ಮೇಲೆ ನಿಂತ ತೆರೆದ ಮೊಗಸಾಲೆಯಿತ್ತು. ಅದಕ್ಕೆ ಸೆಜ್ಜೆ ಅಥವಾ ದಸರಾ ಹಾಲ್ ಎನ್ನುತ್ತಿದ್ದರು. ಮುಖ್ಯ ದಿನಗಳಲ್ಲಿ ರಾಜರು ಸಿಂಹಾಸನವೇರಿ ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದುದು ಅಲ್ಲಿಯೇ ಎಂದು ರೈಸ್ ದಾಖಲಿಸುತ್ತಾರೆ. ಇರ್ವಿನ್ ಮರದ ಬದಲು ಕಲ್ಲು, ಇಟ್ಟಿಗೆ, ಕಬ್ಬಿಣ ತಂದರು. ಕಲ್ಯಾಣಮಂಟಪದ ಎರಕದ ಕಂಬಗಳು ಬಂದದ್ದು ಗ್ಲಾಸ್ಗೋದಿಂದ. ಆದರೆ ಮುಂಭಾಗವನ್ನು ಅವರು ಮುಚ್ಚಲಿಲ್ಲ. ಪೂರ್ವಕ್ಕೆ ತೆರೆದ ಸಾರ್ವಜನಿಕ ದರ್ಬಾರ್ ಹಾಲ್ ಸೆಜ್ಜೆಯ ಕೆಲಸವನ್ನೇ ಮುಂದುವರಿಸಿತು. ಅನಂತರದ ದಶಕಗಳಲ್ಲಿ ಅರಮನೆಯನ್ನು ಬೆಳೆಸುವಾಗಲೂ ಹಿಗ್ಗಿದ್ದು ಈ ಮುಖವೇ.

ಹಾಗಾದರೆ ಅರಮನೆಯ ಮೂಲವನ್ನು ಶಿಮ್ಲಾದಲ್ಲಿ ಹುಡುಕುವುದಕ್ಕಿಂತ, ವಿಜಯನಗರದ ಅರಸರು ದಸರೆಯ ಮೆರವಣಿಗೆ ನೋಡುತ್ತಿದ್ದ ಹಂಪಿಯ ಮಹಾನವಮಿ ದಿಬ್ಬದಲ್ಲಿ ಹುಡುಕುವುದು ಸರಿಯೇನೋ. ಈ ಮಾತನ್ನು ಎಚ್ಚರದಿಂದ ಆಡಬೇಕು. ಇರ್ವಿನ್ ದಿಬ್ಬವನ್ನು ಅನುಕರಿಸಿದರು ಎಂಬುದು ಇಲ್ಲಿನ ವಾದವಲ್ಲ. ಒಂದು ಕಲ್ಲಿನ ಜಗತಿ, ಇನ್ನೊಂದು ಗುಮ್ಮಟದ ಮಹಲು, ರೂಪದಲ್ಲಿ ನಂಟಿಲ್ಲ. ದರ್ಬಾರ್ ಹಾಲಿನ ಮುಖ ಚಾಮುಂಡಿ ಬೆಟ್ಟದ ಕಡೆಗಿದೆ, ಬನ್ನಿಮಂಟಪ ಉತ್ತರಕ್ಕಿದೆ ಎಂಬ ಆಕ್ಷೇಪಕ್ಕೂ ತೂಕವಿದೆ. ಉಳಿಯುವುದು ಬಳಕೆಯ ನಂಟು: ಅರಸ ಎತ್ತರದಲ್ಲಿ ಕೂತು ಆನೆ, ಕುದುರೆ, ಪದಾತಿಯನ್ನು ನೋಡುವುದು, ತಾನೂ ಕಾಣಿಸಿಕೊಳ್ಳುವುದು. ವಿಜಯನಗರದ ಈ ದಸರಾ ಆಚರಣೆಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಅನಂತರ ಅದು ಮೈಸೂರಿಗೆ ಬಂತು.

ಹೊರಗಿನ ಎರಡು ಕಟ್ಟಡಗಳು ರೂಪಕ್ಕೂ ಬಳಕೆಗೂ ಇರುವ ಈ ವ್ಯತ್ಯಾಸವನ್ನು ತಿಳಿಯಾಗಿಸುತ್ತವೆ. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಜಾನ್ ನ್ಯಾಶ್ ಕಟ್ಟಿದ ರಾಯಲ್ ಪೆವಿಲಿಯನ್‌ಗೂ ಮೊಘಲ್ ಗುಮ್ಮಟಗಳಿವೆ; ಅದು ಕಡಲತೀರದ ವಿಲಾಸಗೃಹ, ಅದರ ಮುಂದೆ ಯಾವ ಮೆರವಣಿಗೆಯೂ ಹೊರಡುವುದಿಲ್ಲ. ಆಸ್ಕರ್ ನೀಮೆಯರ್ ರಿಯೊ ಡಿ ಜನೈರೊದಲ್ಲಿ ವಿನ್ಯಾಸಗೊಳಿಸಿದ, 1984ರಲ್ಲಿ ತೆರೆದ ಸಾಂಬಾಡ್ರೋಮ್‌ನಲ್ಲಿ ಗುಮ್ಮಟವಿಲ್ಲ. ಕಾರ್ನಿವಲ್ ಮೆರವಣಿಗೆಯ ಬೀದಿಯೇ ಅಲ್ಲಿ ಕಟ್ಟಡ. ಮೈಸೂರು ನೋಟಕ್ಕೆ ಬ್ರೈಟನ್ನಿನ ಹತ್ತಿರ, ಸ್ವಭಾವಕ್ಕೆ ರಿಯೊದ ಹತ್ತಿರ.

ದಸರೆಯ ಕೊನೆಯ ದಿನದ ಮೆರವಣಿಗೆಯಾದ ಜಂಬೂಸವಾರಿಯ ದಾರಿಯಲ್ಲಿ ಈ ಸ್ವಭಾವ ಎದ್ದು ಕಾಣುತ್ತದೆ. ಸುಮಾರು 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಕೋಟೆಯ ಅಂಗಳ ದಾಟಿ, ಕೆ. ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ದೇವರಾಜ ಮಾರುಕಟ್ಟೆ, ಆಯುರ್ವೇದ ಆಸ್ಪತ್ರೆಯ ವೃತ್ತ ಹಾದು ಬನ್ನಿಮಂಟಪ ಸೇರುತ್ತದೆ. ಅಲ್ಲಿ ಮಹಲಿಲ್ಲ. ಪಾಂಡವರು ಆಯುಧ ಬಚ್ಚಿಟ್ಟರೆಂಬ ನಂಬಿಕೆಯ ಬನ್ನಿಮರಕ್ಕೆ ಪೂಜೆ, ಕತ್ತಲಾದ ಮೇಲೆ ವಿಶಾಲ ಮೈದಾನದಲ್ಲಿ ಪಂಜಿನ ಕವಾಯತು. ಇಷ್ಟು ಅಲಂಕಾರದ ಅರಮನೆಯಿಂದ ಹೊರಟ ಮೆರವಣಿಗೆ ಮರದ ಬುಡದಲ್ಲಿ ಮುಗಿಯುವುದನ್ನು ಬಿಟ್ಟು ಆ ವಾಸ್ತುವನ್ನು ಅರ್ಥಮಾಡಿಕೊಳ್ಳಲು ಬರುವುದಿಲ್ಲ.

ಮುಂಭಾಗವನ್ನು ತೆರೆದಿಟ್ಟ ತೀರ್ಮಾನದಲ್ಲಿ ಇರ್ವಿನ್‌ರ ಪಾಲೆಷ್ಟು, ಆಸ್ಥಾನದ ಒತ್ತಾಯವೆಷ್ಟು ಎಂಬ ಪ್ರಶ್ನೆ ಇನ್ನೂ ತೆರೆದೇ ಇದೆ. ಹಳೆಯ ಮತ್ತು ಹೊಸ ಅರಮನೆಗಳ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಆಗಬೇಕು. ಅದಕ್ಕಿಂತ ತುರ್ತಿನ ಕೆಲಸ ಬೀದಿಯಲ್ಲಿದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿಯಿತು, 2016ರಲ್ಲಿ ದೇವರಾಜ ಮಾರುಕಟ್ಟೆಯದು. ಪಾರಂಪರಿಕ ಕಟ್ಟಡಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡುವುದರ ಜೊತೆಗೆ, ಅರಮನೆಯಿಂದ ಬನ್ನಿಮಂಟಪದವರೆಗಿನ ಇಡೀ ದಾರಿಯನ್ನು ಒಂದೇ ರಚನೆಯೆಂದು ಗುರುತಿಸಿ ರಕ್ಷಿಸಬೇಕು.