ಹೆಪ್ಪುಗಟ್ಟುವ ನೆತ್ತರಿನ ಕಥೆ

ಹಾಲಿಗೂ ನೆತ್ತರಿಗೂ ಕನ್ನಡದಲ್ಲಿ ಒಂದೇ ಮಾತುಂಟು: ಹೆಪ್ಪು. ಹೆಪ್ಪು ಹಾಕಿದ ಗಡಿಗೆಯನ್ನು ಅಲುಗಿಸಬಾರದೆಂದು ಹಿರಿಯರು ಮಕ್ಕಳನ್ನು ಗದರಿಸುವುದು ವಾಚಕರಿಗೆ ತಿಳಿದದ್ದೇ. ನೆತ್ತರಿನ ಸ್ವಭಾವವೂ ಸ್ವಲ್ಪಮಟ್ಟಿಗೆ ಇಂಥದೇ. ನಿಂತಲ್ಲಿ ಅದು ಸುಲಭವಾಗಿ ಹೆಪ್ಪುಗಟ್ಟುತ್ತದೆ. ಗಾಯದ ಬಾಯಲ್ಲಿ ಹೆಪ್ಪುಗಟ್ಟಿದರೆ ಪ್ರಾಣ ಉಳಿಯಿತು; ಕಾಲಿನ ನಾಳದೊಳಗೆ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಎರವಾದೀತು.

ಈ ಗುಟ್ಟನ್ನು ಬಿಡಿಸಿದವನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೋ. ಶ್ವಾಸಕೋಶದ ನಾಳವನ್ನು ಮುಚ್ಚುವ ಹೆಪ್ಪು ಬೇರೆಡೆಯ ನಾಳದಲ್ಲಿ ಹುಟ್ಟಿ ರಕ್ತದೊಡನೆ ತೇಲಿ ಬಂದದ್ದೆಂದು 1846ರಲ್ಲಿ ಆತ ತೋರಿಸಿದ. ರಕ್ತದ ಓಟ ಮಂದವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತಕ್ಕೇ ಹೆಪ್ಪುಗಟ್ಟುವ ಒಲವು ಹೆಚ್ಚುವುದು ಎಂಬ ಮೂರು ಕಾರಣಗಳು ಇಂದಿಗೂ ಆತನ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಬೆನ್ನೆಲುಬಿನ ಶಸ್ತ್ರಕ್ರಿಯೆಯಾದವರಲ್ಲಿ ಈ ಮೂರೂ ಒಟ್ಟಿಗೆ ಕೂಡಿಬರಬಹುದು.

ಹಿಂದೆ ಶಸ್ತ್ರಕ್ರಿಯೆಯಾದವರನ್ನು ವಾರಗಟ್ಟಲೆ ಮಲಗಿಸಿಡುವುದೇ ಪದ್ಧತಿಯಾಗಿತ್ತು. ಷಿಕಾಗೋ ನಗರದ ಎಮಿಲ್ ರೀಸ್ 1899ರಲ್ಲಿಯೇ ರೋಗಿಗಳನ್ನು ಬೇಗನೆ ಎಬ್ಬಿಸಿ ನಡೆಸಬೇಕೆಂದು ಬರೆದ. ಕೇಳಿದವರು ಕೆಲವರೇ. ಎರಡನೆಯ ಮಹಾಯುದ್ಧದ ಕಾಲಕ್ಕೆ ಆ ಮಾತು ರೂಢಿಗೆ ಬಂದಿತು.

1916ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಅರಸುತ್ತಿದ್ದಾಗ ಅದನ್ನು ತಡೆಯುವ ವಸ್ತುವೇ ದೊರೆಯಿತು. ಹೆಪಾರಿನ್ ಔಷಧದ ಮೂಲವದು. ಅದೇ ವರ್ಷ ನಮ್ಮ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು, 1963ರಲ್ಲಿ ಆ ಸಂಸ್ಥೆಯಿಂದ ಇಲ್ಲಿ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ದೂರದ ಪ್ರಯೋಗಶಾಲೆಯ ವಿದ್ಯೆ ಹೀಗೆ ಊರಿನ ಬಾಗಿಲಿಗೆ ಬಂದಿತು.

ಆದರೆ ಬೆನ್ನೆಲುಬಿನ ಶಸ್ತ್ರಕ್ರಿಯೆಯಲ್ಲಿ ಒಂದು ಇಕ್ಕಟ್ಟುಂಟು. ಹೆಪ್ಪು ತಡೆಯುವ ಔಷಧವನ್ನು ಅವಸರದಿಂದ ಕೊಟ್ಟರೆ ಒಳಗೆ ರಕ್ತ ಸೋರಿ ಬೆನ್ನುಹುರಿಯನ್ನು ಒತ್ತಿ, ಕಾಲುಗಳ ಶಕ್ತಿಯನ್ನೇ ಕುಂದಿಸಬಹುದು. ಆದುದರಿಂದ ಕಾಲಿಗೆ ಬಿಗಿಯಾದ ಕಾಲುಚೀಲ, ಗಾಳಿ ತುಂಬಿ ಒತ್ತುವ ಪಟ್ಟಿ, ಬೇಗನೆ ಎದ್ದು ನಡೆಯುವುದು, ಇವು ಮೊದಲ ಕಾವಲು. ಔಷಧ ಬೇಕೆ, ಯಾವಾಗ ಎಂಬುದನ್ನು ಶಸ್ತ್ರವೈದ್ಯರೇ ತೂಗಿ ನೋಡಿ ನಿರ್ಣಯಿಸುತ್ತಾರೆ.

ರೋಗಿ ಖಾನಾಪುರದ ಮನೆಗೆ ಮರಳಿದ ಮೇಲೂ ಕೆಲವು ವಾರ ಈ ಭಯ ತಪ್ಪಿದ್ದಲ್ಲ. ಮನೆಯವರ ಅಕ್ಕರೆಯೇ ಅಲ್ಲಿ ಅಡ್ಡಬರುವುದುಂಟು: "ಏಳಬ್ಯಾಡ, ಸುಮ್ಮನೆ ಮಲಕೋ" ಎಂದು ಹೊರಸಿಗೆ ಕಟ್ಟಿಹಾಕುತ್ತಾರೆ. ವೈದ್ಯರು ಹೇಳಿದಷ್ಟು ನಡೆಸುವುದೇ ನಿಜವಾದ ಉಪಚಾರ. ಒಂದು ಕಾಲಿನ ಮೀನಖಂಡ ಬಾತು, ಬಿಸಿಯಾಗಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿರಿ. ಒಳಗಿನ ಹೆಪ್ಪು ಕಳಚಿಕೊಂಡೀತು. ಅಂದೇ ವೈದ್ಯರಿಗೆ ತೋರಿಸಿರಿ. ಒಮ್ಮೆಲೇ ಉಸಿರು ಕಟ್ಟಿದರೆ, ಎದೆ ನೊಂದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಗಡಿಗೆಯ ಹಾಲು ಅಲುಗದಿರಲಿ. ಮೈಯ ನೆತ್ತರು ಮಾತ್ರ ಹರಿಯುತ್ತಲೇ ಇರಲಿ.