ಟಗರಿಗಾಗಿ ಎಳೆದ ಗಡಿ

ಭಾಗ 1

ಅಲಾಸ್ಕಾದ ಡೆನಾಲಿ ಅಂದ್ರೆ ಎಲ್ಲರೂ ಹಾಕೋದು ಆ ಬಿಳಿ ಶಿಖರದ ಫೋಟೋನೇ. 6,190 ಮೀಟರ್, ಉತ್ತರ ಅಮೆರಿಕದಲ್ಲೇ ಎತ್ತರದ ಬೆಟ್ಟ, ಒಪ್ಪೋಣ. ಆದ್ರೆ ಒಂದು ವಿಷಯ ಗೊತ್ತಾ? 1917ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದಾಗ ಆ ಬೆಟ್ಟ ಪೂರ್ತಿಯಾಗಿ ಗಡಿಯ ಒಳಗೆ ಬಂದಿರಲೇ ಇಲ್ಲ. ಗಡಿ ಎಳೆದಿದ್ದು ಬೆಟ್ಟ ನೋಡಿ ಅಲ್ಲ, ಕುರಿ ನೋಡಿ. ಹೌದು, ಕಾಡುಕುರಿ.

ಇವತ್ತಿನ ಫೋಟೋದಲ್ಲಿ ಇಳಿಜಾರಿನ ಮೇಲೆ ಬಿಳಿ ಚುಕ್ಕೆಗಳ ಥರ ಕಾಣ್ತಿರೋದು ಅವೇ. ಹೆಸರು ಡಾಲ್ ಕುರಿ. ಮೈಯೆಲ್ಲ ಬಿಳಿ, ಟಗರಿಗೆ ಸುರುಳಿ ಸುತ್ತಿದ ಹಳದಿ ಛಾಯೆಯ ದಪ್ಪ ಕೊಂಬು. ಬೇಟೆಗಾರನಿಗೆ ಇದು ತುಂಬಾ ಕಷ್ಟದ ಪ್ರಾಣಿ. ಕಣ್ಣು ಅಷ್ಟು ಚುರುಕು. ಕೆಳಗಿನ ಕಣಿವೆಯಲ್ಲಿ ನೀವು ಅಲ್ಲಾಡಿದರೆ ಸಾಕು, ಮೇಲೆ ಮಲಗಿರೋ ಟಗರು ಎದ್ದು ನಿಲ್ಲುತ್ತೆ, ಕಡಿದಾದ ಬಂಡೆ ಹತ್ತಿ ಮಾಯ. ಅದಕ್ಕೇ ಬಲ್ಲವರು ಗಾಳಿ ನೋಡ್ಕೊಂಡು, ಬೆಟ್ಟ ಬಳಸಿ ಹೋಗಿ, ಮೇಲಿನಿಂದ ಇಳಿದು ಬರ್ತಿದ್ರು. ಕುರಿ ಅಪಾಯವನ್ನು ಹೆಚ್ಚಾಗಿ ಕೆಳಗಡೆಯಿಂದ ನಿರೀಕ್ಷೆ ಮಾಡುತ್ತೆ.

ಅಲ್ಲಿನ ಅಥಾಬಾಸ್ಕನ್ ಜನ ತಲೆಮಾರುಗಳಿಂದ ಇವನ್ನು ಬೇಟೆಯಾಡ್ತಾ ಬಂದವರು. ಮಾಂಸ, ತೊಗಲು, ಕೊಂಬು, ಎಲ್ಲಕ್ಕೂ ಬಳಕೆ ಇತ್ತು. ಡೆನಾಲಿ ಅನ್ನೋ ಹೆಸರೂ ಅವರದ್ದೇ, ಎತ್ತರದವನು ಅನ್ನೋ ಅರ್ಥದ್ದು.

ಭಾಗ 2

ಲೆಕ್ಕ ಕೆಟ್ಟಿದ್ದು ಚಿನ್ನ ಸಿಕ್ಕಮೇಲೆ. 1902ರಲ್ಲಿ ಫೇರ್‌ಬ್ಯಾಂಕ್ಸ್ ಹತ್ತಿರ ಚಿನ್ನ ಸಿಕ್ತು, 1905ರಲ್ಲಿ ಡೆನಾಲಿಯ ಉತ್ತರ ಮಗ್ಗುಲಿನ ಕಾಂಟಿಷ್ನಾಗೆ ಜನ ನುಗ್ಗಿದ್ರು. ಸಾವಿರಾರು ಹೊಟ್ಟೆ, ಊರಿಗೆ ಇನ್ನೂ ರೈಲಿಲ್ಲ. ದನದ ಮಾಂಸ ಬಲು ದೂರದಿಂದ ಬರಬೇಕು, ತುಟ್ಟಿ. ಬೆಟ್ಟದಲ್ಲಿ ಕುರಿ ಪುಕ್ಕಟೆ.

ಇಲ್ಲಿ ಚಳಿಗಾಲದ ಪಾತ್ರ ಅರ್ಥ ಮಾಡ್ಕೊಳ್ಳಿ, ಕತೆಯ ಕೀಲಿ ಇರೋದು ಅಲ್ಲೇ. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಚದುರಿರೋ ಕುರಿಗಳು ಚಳಿಗಾಲದಲ್ಲಿ ಗಾಳಿಗೆ ಹಿಮ ಹಾರಿಹೋಗಿ ಹುಲ್ಲು ಕಾಣೋ ಕೆಲವೇ ದಿಣ್ಣೆಗಳಲ್ಲಿ ಸೇರುತ್ತವೆ. ಅದೇ ಹೊತ್ತಿಗೆ ನದಿಗಳು ಹೆಪ್ಪುಗಟ್ಟಿ ನಾಯಿಗಾಡಿಗೆ ರಸ್ತೆ ಆಗ್ತವೆ. ಹೊಡೆದ ಮಾಂಸ ಕೆಡೋದೂ ಇಲ್ಲ, ಇಡೀ ದೇಶವೇ ಫ್ರಿಜ್ಜು! ಬೇಸಿಗೆಯಲ್ಲಿ ಒಂದು ಟಗರಿಗೆ ದಿನಗಟ್ಟಲೆ ತೆವಳಬೇಕಾದ ಜಾಗದಲ್ಲಿ ಚಳಿಗಾಲದ ವ್ಯಾಪಾರಿ ಬೇಟೆಗಾರ ಗಾಡಿ ತುಂಬಿಸ್ಕೊಂಡು ಹೋಗ್ತಿದ್ದ. ಗಾಡಿ ಎಳೆಯೋ ನಾಯಿಗಳ ಹೊಟ್ಟೆಗೂ ಅದೇ ಕುರಿ. ಅಂದ್ರೆ ಪೇಟೆಗೆ ತಲುಪಿದ್ದಕ್ಕಿಂತ ಬೆಟ್ಟದಲ್ಲಿ ಸತ್ತದ್ದು ಹೆಚ್ಚು.

1906ರ ಬೇಸಿಗೆಯಲ್ಲಿ ಅಲ್ಲಿಗೆ ಬಂದವನು ಚಾರ್ಲ್ಸ್ ಶೆಲ್ಡನ್. ವರ್ಮಾಂಟ್‌ನವನು, ಮೆಕ್ಸಿಕೋದಲ್ಲಿ ಗಣಿ ವ್ಯವಹಾರದಿಂದ ದುಡ್ಡು ಮಾಡಿ ಮೂವತ್ತೈದರ ಸುಮಾರಿಗೇ ಕೆಲಸ ಬಿಟ್ಟವನು. ಅವನ ತಲೆ ತುಂಬಾ ಒಂದೇ ಹುಚ್ಚು: ಕಾಡುಕುರಿ. ಇವನನ್ನು ಸಂತ ಅಂದ್ಕೊಳ್ಳಬೇಡಿ. ಅವನೂ ಬಂದೂಕು ತಂದಿದ್ದ, ಟಗರುಗಳನ್ನು ಹೊಡೆದ, ತಲೆಬುರುಡೆ-ಚರ್ಮ ಅಳತೆ ಮಾಡಿ ಮ್ಯೂಸಿಯಂ ಸಂಗ್ರಹಕ್ಕೆ ಕಳಿಸಿದ. ಆ ಕಾಲದ ಪ್ರಾಣಿವಿಜ್ಞಾನ ನಡೀತಿದ್ದದ್ದೇ ಹಾಗೆ. ಹೊಟ್ಟೆಗಾಗಿ ಹೊಡೆಯೋ ಗಣಿಯವನು ಕೆಟ್ಟವನು, ಕೊಂಬಿಗಾಗಿ ಹೊಡೆಯೋ ಶ್ರೀಮಂತ ಒಳ್ಳೆಯವನು ಅಂತ ಈ ಕತೆ ಹೇಳೋರಿದ್ದಾರೆ. ನನಗೆ ಅದು ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯಲ್ಲ.

ಆದ್ರೆ ಅವನು ಬೇರೆಯವರು ಮಾಡದ ಒಂದು ಕೆಲಸ ಮಾಡಿದ. 1907ರಲ್ಲಿ ವಾಪಸ್ ಬಂದು, ಟೊಕ್ಲಾಟ್ ನದಿ ಪಕ್ಕ ಮರದ ಗುಡಿಸಲು ಕಟ್ಟಿ, ಇಡೀ ಚಳಿಗಾಲ ಅಲ್ಲೇ ಕೂತ. ಕುರಿ ಯಾವಾಗ ಕೂಡುತ್ತೆ, ಎಲ್ಲಿ ಮೇಯುತ್ತೆ, ಯಾವ ಕಣಿವೆ ದಾಟುತ್ತೆ, ಎಲ್ಲ ದಿನಚರಿಯಲ್ಲಿ ಬರೆದ. ವ್ಯಾಪಾರಿ ಬೇಟೆಯನ್ನೂ ಹತ್ತಿರದಿಂದ ಕಂಡ. 1908ರ ಜನವರಿಯ ಬರಹದಲ್ಲೇ ಈ ಜಾಗ ಡೆನಾಲಿ ರಾಷ್ಟ್ರೀಯ ಉದ್ಯಾನ ಆಗೋ ಕನಸು ಬರುತ್ತೆ. ಅವನಿಗೆ ದಾರಿ ತೋರಿಸಿ ಸಾಮಾನು ಸಾಗಿಸಿದವನು ಹ್ಯಾರಿ ಕಾರ್ಸ್ಟೆನ್ಸ್. ಹತ್ತೊಂಬತ್ತರ ವಯಸ್ಸಲ್ಲಿ ಚಿನ್ನದ ಹುಚ್ಚಿಗೆ ಉತ್ತರಕ್ಕೆ ಓಡಿಬಂದು, ನಾಯಿಗಾಡಿಯಲ್ಲಿ ಟಪಾಲು ಹೊತ್ತವನು. (1913ರಲ್ಲಿ ಡೆನಾಲಿ ತುದಿ ಮೊದಲು ಮುಟ್ಟಿದ ತಂಡದಲ್ಲೂ ಇದ್ದ. ಮೊದಲ ಹೆಜ್ಜೆ ಇಟ್ಟವನು ಅಥಾಬಾಸ್ಕನ್ ತಾಯಿಯ ಮಗ ವಾಲ್ಟರ್ ಹಾರ್ಪರ್. ಅವನದ್ದು ಇನ್ನೊಂದು ಪೋಸ್ಟ್‌ಗೆ ಇಟ್ಕೊಂಡಿದ್ದೀನಿ.)

1914ರಲ್ಲಿ ಅಲಾಸ್ಕಾ ರೈಲಿಗೆ ಸರ್ಕಾರ ಒಪ್ಪಿಗೆ ಕೊಟ್ಟಾಗ ಶೆಲ್ಡನ್‌ಗೆ ನಡುಕ. ಹಳಿ ಹೋಗೋದು ಕುರಿ ಬೆಟ್ಟದ ಪೂರ್ವ ಅಂಚಿನಲ್ಲೇ. ಹಳಿ ಹಾಕೋ ಕೂಲಿಗಳಿಗೂ ಮಾಂಸ ಬೇಕು, ಮಾಂಸ ಸಾಗಿಸೋಕೂ ರೈಲು ಸಿಗುತ್ತೆ. ಬೇಟೆಗಾರರದ್ದೇ ಸಂಘವಾದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಜೊತೆ ಸೇರಿ ವಾಷಿಂಗ್‌ಟನ್‌ನಲ್ಲಿ ಓಡಾಡಿದ. 1917ರ ಫೆಬ್ರುವರಿ 26ಕ್ಕೆ ಅಧ್ಯಕ್ಷ ವಿಲ್ಸನ್ ಸಹಿ ಬಿತ್ತು. ಮಸೂದೆಯ ಪ್ರತಿಯನ್ನು ಅವರಿಗೆ ಕೈಯಾರೆ ತಲುಪಿಸಿದವನು ಶೆಲ್ಡನ್. ಹೆಸರು ಮಾತ್ರ ಅವನು ಕೇಳಿದ್ದು ಸಿಗಲಿಲ್ಲ, ಮೌಂಟ್ ಮೆಕಿನ್ಲಿ ಅಂತಾಯ್ತು.

ಕಾನೂನು ಬಂತು, ದುಡ್ಡು ಬರಲಿಲ್ಲ! 1921ರವರೆಗೆ ಕಾಯೋಕೆ ಒಬ್ಬ ಆಳೂ ಇಲ್ಲ. ಆಮೇಲೆ ಮೊದಲ ಮೇಲ್ವಿಚಾರಕನಾಗಿ ಬಂದವನು ಅದೇ ಕಾರ್ಸ್ಟೆನ್ಸ್, ಗಸ್ತಿಗೆ ಅದೇ ನಾಯಿಗಾಡಿ. ಕಾನೂನಲ್ಲೂ ಒಂದು ತೂತಿತ್ತು: ಊಟಕ್ಕೆ ಕೊರತೆಯಾದ ಗಣಿಗಾರರು ಉದ್ಯಾನದೊಳಗೆ ಬೇಟೆಯಾಡಬಹುದು. ಕೊರತೆಯಾಗಿದೆಯಾ ಇಲ್ವಾ ಅಂತ ಆ ಹಿಮದಲ್ಲಿ ಯಾರು ಪರೀಕ್ಷೆ ಮಾಡ್ತಾರೆ ಹೇಳಿ? ಅದು ಮುಚ್ಚಿದ್ದು 1928ರಲ್ಲಿ. ಶೆಲ್ಡನ್ ತೀರಿಕೊಂಡಿದ್ದೂ ಅದೇ ವರ್ಷ.

ಭಾಗ 3

ಬಂದೂಕು ನಿಂತ ಮೇಲೂ ಕುರಿ ಕಮ್ಮಿಯಾದವು. 1931-32ರ ಚಳಿಗಾಲ ಭೀಕರವಾಗಿತ್ತು, ಹಿಮದ ಮೇಲೆ ಗಟ್ಟಿ ಪದರ ಕಟ್ಟಿ ಮೇವು ಸಿಗದೆ ಹಿಂಡುಗಳೇ ಸತ್ತವು. ಬೈಗುಳ ತಿಂದದ್ದು ಮಾತ್ರ ತೋಳ. ತೋಳಗಳನ್ನು ಕೊಲ್ಲಿ ಅಂತ ಬೇಟೆಗಾರರ ಗುಂಪುಗಳಿಂದ ಒತ್ತಡ ಬಂತು. 1939ರಲ್ಲಿ ಇದನ್ನು ಅಧ್ಯಯನ ಮಾಡೋಕೆ ಬಂದ ಅಡಾಲ್ಫ್ ಮ್ಯೂರಿ ಬೆಟ್ಟ ಸುತ್ತಿ ಸತ್ತ ಕುರಿಗಳ ತಲೆಬುರುಡೆ ಹೆಕ್ಕಿದ. ಕುರಿಯ ಕೊಂಬಿನಲ್ಲಿ ಪ್ರತಿ ಚಳಿಗಾಲಕ್ಕೂ ಒಂದು ಉಂಗುರದ ಗುರುತು ಬೀಳುತ್ತೆ, ಎಣಿಸಿದ್ರೆ ಸತ್ತಾಗಿನ ವಯಸ್ಸು. ಸತ್ತವುಗಳಲ್ಲಿ ಹೆಚ್ಚಿನವು ಮೊದಲ ವರ್ಷದ ಮರಿಗಳು, ಇಲ್ಲಾ ಮುದಿಯಾದವು, ರೋಗ ಬಡಿದವು. ಗಟ್ಟಿಮುಟ್ಟಾದ ನಡುವಯಸ್ಸಿನವು ತೀರಾ ಕಮ್ಮಿ. ಅಂದ್ರೆ ತೋಳ ಸಿಕ್ಕಸಿಕ್ಕ ಕುರಿಯನ್ನೆಲ್ಲ ಮುಗಿಸ್ತಿರಲಿಲ್ಲ. ಟ್ರೋಫಿ ಬೇಟೆಗಾರ ಹುಡುಕ್ಕೊಂಡು ಹೊಡೆಯೋದು ದೊಡ್ಡ ಕೊಂಬಿನ ಗಟ್ಟಿ ಟಗರನ್ನು, ತೋಳಕ್ಕೆ ಹೆಚ್ಚಾಗಿ ಸಿಗೋದು ಓಡಲಾರದ್ದು.

ಬಯಾಲಜಿ ತಗೊಂಡಿರೋ ಗೆಳೆಯರೇ, ಇಕಾಲಜಿ ಪುಸ್ತಕದಲ್ಲಿ ಬರೋ ಕಾಡುಕುರಿಯ ಲೈಫ್ ಟೇಬಲ್ ನೆನಪಿದೆಯಾ? ಅದೇ ಇದು. ಮ್ಯೂರಿ ಕೂಡಿಸಿದ 608 ಬುರುಡೆಗಳ ವಯಸ್ಸಿನಿಂದ 1947ರಲ್ಲಿ ಎಡ್ವರ್ಡ್ ಡೀವಿ ಮಾಡಿದ ಲೆಕ್ಕ. ಪರೀಕ್ಷೆಗೆ ಉರು ಹೊಡೆಯೋ ಆ ಕಾಲಂಗಳ ಹಿಂದೆ ಒಬ್ಬ ಮನುಷ್ಯ ಬೆನ್ನ ಮೇಲೆ ಕೊಂಬು ಹೊತ್ತು ಬೆಟ್ಟ ಇಳಿದಿದ್ದಾನೆ. ತೋಳದ ಬೇಟೆ ಇದರಿಂದ ತಕ್ಷಣ ನಿಲ್ಲಲಿಲ್ಲ, ಇನ್ನೂ ಕೆಲವು ವರ್ಷ ನಡೀತು.

1980ರಲ್ಲಿ ಉದ್ಯಾನ ದೊಡ್ಡದಾಯ್ತು, ಹೆಸರೂ ಡೆನಾಲಿ ಆಯ್ತು, ಶೆಲ್ಡನ್ ಬರೆದಿಟ್ಟು 72 ವರ್ಷ ಆದ ಮೇಲೆ. ಹೊಸದಾಗಿ ಸೇರಿಸಿದ ಜಾಗದಲ್ಲಿ ಸುತ್ತಲಿನ ಹಳ್ಳಿಯವರಿಗೆ ಊಟಕ್ಕಾಗಿ ಬೇಟೆಯಾಡೋ ಹಕ್ಕು ಸಿಕ್ತು. ಅವನು ಗುಡಿಸಲು ಕಟ್ಟಿದ ಹಳೇ ಭಾಗದಲ್ಲಿ ಮಾತ್ರ ಈಗಲೂ ಕುರಿ ಬೇಟೆ ಇಲ್ಲ. ಗಸ್ತಿನ ನಾಯಿಗಳು ಚಳಿಗಾಲದಲ್ಲಿ ಇವತ್ತಿಗೂ ಗಾಡಿ ಎಳೀತವೆ, ಕೊನೇ ಫೋಟೋ ಅವುಗಳದ್ದೇ.